ಟವಲಿನಡಿಯ ತೀರ್ಮಾನ

ಶಿಡ್ಲಘಟ್ಟದ ಗೂಡಿನ ಬೀದಿಯಲ್ಲಿ ಮುನಿಶಾಮಪ್ಪನ ಬಲಗೈ ಎಲ್ಲರಿಗೂ ಪರಿಚಯವಿದ್ದ ಕೈ. ರೇಷ್ಮೆ ಗೂಡು ತಂದ ರೈತ ಒಂದು ಕಡೆ, ಅದನ್ನು ಬೇಯಿಸಿ ನೂಲು ತೆಗೆಯುವ ರೀಲರು ಇನ್ನೊಂದು ಕಡೆ, ನಡುವೆ ದಳ್ಳಾಳಿಯಾಗಿ ಅವನು. ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಅಲ್ಲಿ ಇರಲಿಲ್ಲ. ಕೈಗಳ ಮೇಲೆ ಒಂದು ಟವಲು ಹಾಸಿ, ಅದರಡಿ ಬೆರಳು ಅದುಮಿ ಕೇಳಬೇಕು, ಬೆರಳು ಅದುಮಿಯೇ ಒಪ್ಪಬೇಕು. ಪಕ್ಕದಲ್ಲಿ ನಿಂತವನಿಗೆ ಟವಲು ಅಲುಗಿದ್ದು ಕಾಣುತ್ತದೆಯೇ ಹೊರತು ಬೆಲೆ ತಿಳಿಯುವುದಿಲ್ಲ. ಟವಲಿನಡಿ ತಿಳಿದದ್ದನ್ನು ಮುನಿಶಾಮಪ್ಪ ಮನೆಯಲ್ಲೂ ಹೇಳುತ್ತಿರಲಿಲ್ಲ. "ಇವರ ಬಾಯಿಗಿಂತ ಬೆರಳೇ ವಾಸಿ. ಬೆರಳಾದ್ರೂ ಏನೋ ಒಂದು ಹೇಳ್ತದೆ," ಎಂದು ಅವನ ಹೆಂಡತಿ ಅಶ್ವತ್ಥಮ್ಮ ನೆರೆಯವರೆದುರು ನಗುತ್ತಿದ್ದಳು.

ಅದು ನಿಜವೂ ಆಗಿತ್ತು. ಯಾವ ವಿಷಯದಲ್ಲಿಯಾದರೂ ತನ್ನ ಅಭಿಪ್ರಾಯ ಇದು ಎಂದು ಹೇಳುವ ಹೊತ್ತಿಗೆ ಅವನಿಗೆ ಎದುರಿನ ಅಭಿಪ್ರಾಯವೂ ಸರಿಯಿರಬಹುದು ಅನಿಸಿಬಿಡುತ್ತಿತ್ತು. ವೆಂಕಟರಾಮಪ್ಪ ಮೇಷ್ಟ್ರು ನಡೆಸುತ್ತಿದ್ದ ಸಂಜೆ ಪಾಠಕ್ಕೆ ಎರಡು ವರ್ಷ ಹೋಗಿ, ನಲವತ್ತರ ವಯಸ್ಸಿನಲ್ಲಿ ಪತ್ರಿಕೆ ಓದುವುದನ್ನು ಕಲಿತಿದ್ದ. ಓದಿದ ಮೇಲೆ ಅನುಮಾನಗಳು ಹೆಚ್ಚಾದವೇ ಹೊರತು ಕಡಿಮೆಯಾಗಲಿಲ್ಲ.

ಆ ವರ್ಷ, ಅಂದರೆ ೧೯೬೫ರ ಸೆಪ್ಟೆಂಬರಿನಲ್ಲಿ, ಗೂಡಿನ ಬೀದಿಯಲ್ಲಿ ಅಭಿಪ್ರಾಯ ಇಲ್ಲದವನು ಅವನೊಬ್ಬನೇ ಇರಬೇಕು. ಸೈನಿಕರ ಉಡುಪಿಲ್ಲದ ಜನ ಬಂದೂಕು, ಬಾಂಬು ಹಿಡಿದು ಕಾಶ್ಮೀರದೊಳಕ್ಕೆ ನುಸುಳಿದ್ದಾರೆ ಎಂದು ರೇಡಿಯೋ ಒಂದು ತಿಂಗಳಿಂದ ಹೇಳುತ್ತಿತ್ತು. ಈಗ ಅದು ಬೆಳೆದು ಯುದ್ಧವೇ ಆಗಿತ್ತು. ಸಂಜೆಯಾದರೆ ದೀಪ ಆರಿಸಬೇಕೆಂದು ಊರಿನ ರಕ್ಷಣಾ ಸಮಿತಿ ಸಾರಿಸಿತ್ತು. ಚಿಂತಾಮಣಿ ಕಡೆ ಯಾರದೋ ಹೊಲದಲ್ಲಿ ಪ್ಯಾರಾಚೂಟು ಇಳಿದಿದೆ ಎಂದು ಒಬ್ಬ, ಚಿಕ್ಕಬಳ್ಳಾಪುರದ ಸ್ಟೇಷನ್ನಿನಲ್ಲಿ ಒಬ್ಬ ಗೂಢಚಾರ ಸಿಕ್ಕಿದ ಎಂದು ಇನ್ನೊಬ್ಬ ಸುದ್ದಿ ತರುತ್ತಿದ್ದರು.

ಇಂಥ ದಿನಗಳಲ್ಲಿ ರೀಲರು ಮೀರ್ ಸಾಬರ ಮನೆಗೆ ಅಂಟಿಕೊಂಡಿದ್ದ ನೂಲು ತೆಗೆಯುವ ಶೆಡ್ಡಿನಲ್ಲಿ ಇಬ್ಬರು ಅಪರಿಚಿತರು ಒಂದು ಟ್ರಂಕು ಇಟ್ಟುಕೊಂಡು ರಾತ್ರಿ ತಂಗಿದ್ದು, ಬೆಳಕು ಹರಿಯುವ ಮೊದಲೇ ಹೊರಟುಹೋದದ್ದು ಬೀದಿಯ ಕಣ್ಣಿಗೆ ಬಿತ್ತು. ಠಾಣೆಯಿಂದ ಸಾಬರಿಗೆ ಕರೆ ಬಂತು. ಬಂದವರು ತಮ್ಮ ಸ್ವಂತ ಊರಾದ, ಗೌರಿಬಿದನೂರು ಹತ್ತಿರದ ಅಲೀಪುರದವರು, ಹರಳು ಕಲ್ಲಿನ ವ್ಯಾಪಾರಕ್ಕೆ ಮದರಾಸಿಗೆ ಹೋಗುವವರು ಎಂದು ಸಾಬರು ಹೇಳಿದರು. ಪೊಲೀಸರು ಗೌರಿಬಿದನೂರಿಗೆ ಫೋನು ಮಾಡಿ ವಿಚಾರಿಸಿ, ಸರಿಯಾಗಿದೆ ಎಂದು ಅವರನ್ನು ಮನೆಗೆ ಕಳಿಸಿದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ರಕ್ಷಣಾ ಸಮಿತಿಯ ಅಧ್ಯಕ್ಷ ಬಯ್ಯಪ್ಪ ಶೆಡ್ಡಿನ ಬಾಗಿಲಿಗೇ ಹೋಗಿ, ಬಂದವರು ಯಾರು, ಟ್ರಂಕಿನಲ್ಲಿ ಏನಿತ್ತು ಎಂದು ಕೇಳಿದ. ಮೀರ್ ಸಾಬರು ಮೊದಲಿಂದಲೂ ಒರಟು ಮನುಷ್ಯ. "ಠಾಣೆಯೋರು ಕೇಳಿದ್ರು, ಹೇಳ್ದೆ. ನಿಂಗ್ಯಾಕಯ್ಯಾ ಹೇಳ್ಬೇಕು? ನೀನೇನು ಕಮಿಷನರಾ?" ಎಂದು ಬಾಗಿಲು ಹಾಕಿಕೊಂಡರು.

ಎರಡು ದಿನ ಕಳೆದ ಮೇಲೆ ಬಯ್ಯಪ್ಪ ಸಭೆ ಕರೆದ.

*

ಬುಧವಾರ ಮಧ್ಯಾಹ್ನ, ವ್ಯಾಪಾರ ಇಳಿದ ಹೊತ್ತು. ಗೂಡಿನ ಬೀದಿಯ ಕೊನೆಯಲ್ಲಿ ತಗಡಿನ ಚಪ್ಪರದ ಕೆಳಗೆ ಸುತ್ತಲ ಹಳ್ಳಿಗಳ ರೈತರು, ಅಂಗಡಿಯವರು ಸೇರಿ ಇಪ್ಪತ್ತು ಇಪ್ಪತ್ತೈದು ಜನ ಕುಳಿತಿದ್ದರು. ಮೀರ್ ಸಾಬರನ್ನೂ ಕರೆಸಿದ್ದರು. ಅವರು ಕೂರಲಿಲ್ಲ. ದೊಡ್ಡ ತಕ್ಕಡಿಯ ಕಂಬಕ್ಕೆ ಒರಗಿ, ಕೈಕಟ್ಟಿ ನಿಂತಿದ್ದರು. ಬಿಸಿನೀರಲ್ಲಿ ಗೂಡು ಬೇಯಿಸಿ ಬೇಯಿಸಿ ಅವರ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು.

"ವಿಷಯ ಎಲ್ರಿಗೂ ಗೊತ್ತು," ಎಂದ ಬಯ್ಯಪ್ಪ. ಅವನ ಧ್ವನಿ ಚೆನ್ನಾಗಿತ್ತು, ಮೈಕು ಬೇಕಿರಲಿಲ್ಲ. "ಹದಿನೆಂಟು ವರ್ಷದಿಂದ ಡೆಲ್ಲಿಯೋರು ಸಮಾಧಾನ, ಸಮಾಧಾನ ಅಂದ್ಕೊಂಡು ಬಂದ್ರು. ಏನಾಯ್ತು? ಮನೇಗೇ ನುಗ್ಗಿದ್ರು. ಸೈನ್ಯದ ಬಟ್ಟೆ ಹಾಕ್ಕೊಂಡು ಬಂದೋನನ್ನ ಎದುರಿಸ್ಬೋದು. ನಮ್ಮಂಗೇ ಅಂಗಿ ಪಾಯಿಜಾಮ ಹಾಕ್ಕೊಂಡು ಬಂದೋನನ್ನ ಏನ್ ಮಾಡ್ತೀರಾ? ಅವನಿಗೆ ಅನ್ನ ಹಾಕೋರು, ಜಾಗ ಕೊಡೋರು ಇದ್ರೆ ತಾನೇ ಅವನು ಬರೋದು? ಮೊದಲು ಆ ಬೇರು ಕೀಳ್ಬೇಕು. ಒಬ್ಬ ನುಸುಳಿದ್ರೆ, ಜಾಗ ಕೊಟ್ಟ ಊರನ್ನೇ ಎಬ್ಬಿಸ್ಬೇಕು. ಆಗ ನೋಡಿ, ಯಾವನು ಬರ್ತಾನೆ ಅಂತ."

"ಊರಲ್ಲಿ ಕೂಸು ಕುನ್ನಿ ಇರಲ್ವಾ ಬಯ್ಯಪ್ಪ?" ಎಂದರು ವೆಂಕಟರಾಮಪ್ಪ ಮೇಷ್ಟ್ರು. "ತಪ್ಪು ಮಾಡಿದವನನ್ನ ಹಿಡೀಬೇಕು, ಕೋರ್ಟಿಗೆ ನಿಲ್ಲಿಸಬೇಕು. ಅದಕ್ಕೇ ಸರ್ಕಾರ ಅಂತ ಇರೋದು. ಅವರು ಮಾಡಿದ್ದನ್ನೇ ನಾವೂ ಮಾಡಿದ್ರೆ ದೇಶಕ್ಕೂ ದರೋಡೆಕೋರನಿಗೂ ಏನು ವ್ಯತ್ಯಾಸ?"

ಮುನಿಶಾಮಪ್ಪನಿಗೆ ಎದೆ ತುಂಬಿ ಬಂತು. ಸಂಜೆ ಪಾಠದಲ್ಲಿ ಮೇಷ್ಟ್ರು ಮಾತಾಡುತ್ತಿದ್ದದ್ದು ಹೀಗೇ, ಮೆಲ್ಲಗೆ, ಪ್ರತಿ ಮಾತನ್ನೂ ತೂಗಿ.

"ಮೇಷ್ಟ್ರೇ, ನೀವು ಹುಳ ಸಾಕಿದೋರಲ್ಲ," ಎಂದ ಬಯ್ಯಪ್ಪ. "ಇಲ್ಲಿ ಕೂತಿರೋ ರೈತರನ್ನ ಕೇಳಿ. ಒಂದು ತಟ್ಟೇಲಿ ಎರಡು ಹುಳಕ್ಕೆ ಗಂಟುರೋಗ ಕಂಡ್ರೆ ಏನ್ ಮಾಡ್ತೀವಿ? ಆ ಎರಡನ್ನ ಹುಡುಕ್ತಾ ಕೂರ್ತೀವಾ? ಇಡೀ ತಟ್ಟೇನೇ ಸುಡ್ತೀವಿ. ಕನಿಕರ ತೋರಿಸಿದ್ರೆ ಮನೆ ಹುಳ ಎಲ್ಲಾ ಹೋಯ್ತು."

ಹೌದು ಹೌದು ಎಂದು ಕೆಲವರು ತಲೆಯಾಡಿಸಿದರು. ಅದು ಅವರಿಗೆ ಗೊತ್ತಿದ್ದ ಲೆಕ್ಕ. ಮೇಷ್ಟ್ರು, "ಮನುಷ್ಯರು ಹುಳ ಅಲ್ಲಪ್ಪ," ಎಂದರು. ಆದರೆ ಆ ಮಾತು ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ.

"ಚಿಂತಾಮಣೀಲಿ ಪ್ಯಾರಾಚೂಟೇ ಇಳಿದೈತೆ, ಇನ್ನೂ ಯೋಚನೆ ಮಾಡ್ತಾ ಕೂತಿದೀರಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಅದು ನಿಮ್ಮ ಮಾವನ ಪಂಚೆ ಇರ್ಬೇಕು, ಗಾಳಿಗೆ ಹಾರಿರ್ತದೆ. ಹೋಗಿ ತಗೊಂಡ್ ಬಾರಪ್ಪ," ಎಂದಳು ಕದಿರಮ್ಮ. ಗಂಡ ಸತ್ತ ಮೇಲೆ ತಾನೇ ಹುಳ ಸಾಕಿ, ತಾನೇ ಗೂಡು ತಂದು ಮಾರುತ್ತಿದ್ದ ಹೆಂಗಸು ಅವಳು. ಎರಡು ಮಂಕರಿ ಗೂಡನ್ನು ಪಕ್ಕದಲ್ಲಿಟ್ಟುಕೊಂಡು ಕಂಬದ ಬುಡದಲ್ಲಿ ಕುಳಿತಿದ್ದಳು. ಎರಡು ಮೂರು ಜನ ನಕ್ಕರು. ಬಯ್ಯಪ್ಪ ನಗಲಿಲ್ಲ.

"ಇಲ್ಲಿಯ ವಿಷಯಕ್ಕೆ ಬರ್ತೀನಿ," ಎಂದ. "ಸಾಬರು ಯಾರಿಗೆ ಜಾಗ ಕೊಟ್ರೋ ನಮಗೆ ಹೇಳ್ಲಿಲ್ಲ. ಹೇಳದೆ ಇರೋರು ನಮ್ಮ ನಡುವೆ ಬೇಡ. ನಾಳೆಯಿಂದ ಅವರಿಗೆ ಯಾರೂ ಗೂಡು ಕೊಡ್ಬಾರ್ದು. ಶುಕ್ರವಾರದೊಳಗೆ ಶೆಡ್ಡು ಖಾಲಿ ಮಾಡಿ ಅವರೂರಿಗೆ ಹೋಗ್ಲಿ. ಒಪ್ಪೋರು ಕೈ ಎತ್ತಿ."

ಮೊದಲು ಮುಂದಿನ ಸಾಲಿನ ಕೈಗಳೆದ್ದವು. ಆಮೇಲೆ ಒಬ್ಬರು ಇನ್ನೊಬ್ಬರ ಮುಖ ನೋಡಿ ಎತ್ತಿದರು. ಬಯ್ಯಪ್ಪನ ಕಣ್ಣು ಎತ್ತದವರ ಮೇಲೆ ನಿಲ್ಲುತ್ತಾ ಹೋಯಿತು, ನಿಂತ ಕಡೆಯಲ್ಲೆಲ್ಲ ಒಂದು ಕೈ ಮೇಲೆ ಬಂತು. ಮುನಿಶಾಮಪ್ಪ ತನ್ನ ಕೈಯನ್ನು ಎತ್ತಲೂ ಇಲ್ಲ, ಇಳಿಸಲೂ ಇಲ್ಲ. ಹೆಗಲ ಮೇಲಿನ ಟವಲನ್ನು ಸರಿಮಾಡಿಕೊಳ್ಳುವವನಂತೆ ಅರ್ಧಕ್ಕೆ ಹಿಡಿದುಕೊಂಡಿದ್ದ.

"ಇಳಿಸ್ರಪ್ಪಾ ಕೈ," ಎಂಬ ಧ್ವನಿ ಕೇಳಿತು.

ಹೇಳಿದವರು ಆವಲಪ್ಪ. ಹತ್ತಿರದ ಹಳ್ಳಿಯ ದೊಡ್ಡ ಮನೆತನದ ರೈತ. ಅವರ ಮಗ ವೆಂಕಟೇಶ್ ಸೈನ್ಯದಲ್ಲಿದ್ದ, ಕಾಶ್ಮೀರದ ಕಡೆಯೇ. ಆಗಸ್ಟಿನಿಂದ ಅವನ ಸುದ್ದಿ ಇರಲಿಲ್ಲ. ಅವರೆದುರು ಯಾರೂ ಯುದ್ಧದ ಮಾತು ಜೋರಾಗಿ ಆಡುತ್ತಿರಲಿಲ್ಲ.

"ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೈ ಎತ್ತೋದು ಏನು ತೀರ್ಮಾನ?" ಎಂದರು ಆವಲಪ್ಪ. "ಗೂಡಿನ ಬೆಲೇನೇ ನಾವು ಹಿಂಗೆ ಕೇಳಲ್ಲ. ಒಬ್ಬ ಮನುಷ್ಯನ ಬದುಕು ಕೇಳ್ತಾ ಇದೀರಿ. ಟವಲ್ ಹಾಕಿ ಕೇಳಿ. ಮುನಿಶಾಮಪ್ಪ ಕೈ ಕೊಡ್ಲಿ. ಇರಲಿ ಅನ್ನೋರು ಒಂದು ಬೆರಳು ಅದುಮಲಿ, ಹೋಗಲಿ ಅನ್ನೋರು ಎರಡು."

ಬಯ್ಯಪ್ಪ ಒಂದು ಗಳಿಗೆ ಯೋಚಿಸಿದ. ಯೋಧನ ತಂದೆಗೆ ಇಲ್ಲ ಅನ್ನುವುದು ಹೇಗೆ? ಮಗನನ್ನು ಕಳಿಸಿದ ತಂದೆಯ ಬೆರಳು ಯಾವ ಕಡೆ ಇರುತ್ತದೆ ಎಂಬುದರಲ್ಲಿ ಅವನಿಗೆ ಅನುಮಾನವೂ ಇರಲಿಲ್ಲ. "ಆಗ್ಲಿ ಮಾವ, ನೀವಂದಂಗೆ," ಎಂದ.

"ನಂಗೂ ಗೂಡೈತೆ, ನಂಗೂ ಕೈಯೈತೆ," ಎಂದಳು ಕದಿರಮ್ಮ.

"ನಿನ್ನ ಕೈ ಹಿಡಿದ್ರೆ ಅಶ್ವತ್ಥಮ್ಮ ಪೊರಕೆ ತಗೊಂಡ್ ಬರ್ತಾಳೆ, ಸುಮ್ಕಿರಕ್ಕ," ಎಂದರು ಯಾರೋ. ಹೆಂಗಸರ ಕೈ ಟವಲಿನಡಿ ಬರುವ ಪದ್ಧತಿ ಇರಲಿಲ್ಲ. ಹೀಗೆ ನಗುತ್ತಲೇ ಅವಳನ್ನು ಎಣಿಕೆಯಿಂದ ಬಿಟ್ಟರು.

ಮುನಿಶಾಮಪ್ಪನಿಗೆ ಬೇಡವೆನ್ನಬೇಕು ಅನಿಸಿತು. ಎಲ್ಲರೂ ತನ್ನ ಕಡೆ ನೋಡುತ್ತಿದ್ದರು. ಅವನು ಟವಲು ಹಾಸಿ ಕೈ ಚಾಚಿದ.

*

ಕೈಗಳು ಒಂದೊಂದಾಗಿ ಬಂದವು. ಹಿಪ್ಪುನೇರಳೆ ಸೊಪ್ಪು ಕೊಯ್ದು ಅಂಟು ಅಂಟಾಗಿದ್ದ ಕೈಗಳು, ಮಡಕೆಯ ಬುಡದಂತೆ ಗಟ್ಟಿಯಾದ ಕೈಗಳು. ವ್ಯಾಪಾರದಲ್ಲಿ ಮುನಿಶಾಮಪ್ಪ ಇವನ್ನೆಲ್ಲ ನೂರಾರು ಸಲ ಹಿಡಿದಿದ್ದ. ಆದರೆ ಅವು ಇಷ್ಟು ತಣ್ಣಗೆ ಇದ್ದದ್ದು ಅವನಿಗೆ ನೆನಪಿರಲಿಲ್ಲ. ಸಭೆಯಲ್ಲಿ ಮೊದಲು ಕೈ ಎತ್ತಿದವರಲ್ಲಿ ಕೆಲವರು ಒಂದೇ ಬೆರಳು ಅದುಮಿದರು. ತಲೆ ಬೇರೆ ಕಡೆ ತಿರುಗಿಸಿಕೊಂಡು, ಕದ್ದವರಂತೆ.

ಬಯ್ಯಪ್ಪನ ಅಂಗೈ ಬೆವರಿತ್ತು. ಎರಡು ಬೆರಳು.

ಆವಲಪ್ಪ ಮುನಿಶಾಮಪ್ಪನ ತೋರುಬೆರಳೊಂದನ್ನೇ ಹಿಡಿದು, ನೋಯುವಷ್ಟು ಬಲವಾಗಿ ಅದುಮಿ, ತುಂಬ ಹೊತ್ತು ಬಿಡಲಿಲ್ಲ. ಮುನಿಶಾಮಪ್ಪ ಬೆಚ್ಚಿ ಅವರ ಮುಖ ನೋಡಿದ. ಮುಖದಲ್ಲಿ ಏನೂ ಇರಲಿಲ್ಲ.

ಕೊನೆಗೆ ಬಂದ ಕೈ ಸೀಮೆಸುಣ್ಣದಿಂದ ಒಣಗಿದ ಕೈ. ನೋಡದೆಯೇ ಅದು ಯಾರದೆಂದು ಅವನಿಗೆ ತಿಳಿಯಿತು. ಆ ಕೈ ಅವನ ಕೈ ಹಿಡಿದು ಸ್ಲೇಟಿನ ಮೇಲೆ ಅಕ್ಷರ ತೀಡಿಸಿತ್ತು. ಅದು ಅವಸರವಾಗಿ ಎರಡು ಬೆರಳು ಅದುಮಿ, ಸುಟ್ಟುಕೊಂಡಂತೆ ಹಿಂದಕ್ಕೆ ಹೋಯಿತು.

ಮುನಿಶಾಮಪ್ಪ ಟವಲಿನಡಿ ಖಾಲಿ ಕೈಯನ್ನು ಹಾಗೇ ಇಟ್ಟುಕೊಂಡು ನಿಂತ. ಲೆಕ್ಕ ಅವನ ತಲೆಯಲ್ಲಿ ಸ್ಪಷ್ಟವಾಗಿತ್ತು. ಹೋಗಲಿ ಅಂದವರು ಮೂರು ಜನ ಹೆಚ್ಚು.

"ಹೇಳಪ್ಪ," ಎಂದ ಬಯ್ಯಪ್ಪ.

ಆ ಮೂರನ್ನು ಈ ಕಡೆಗೆ ಹಾಕಿದರೆ ಯಾರಿಗೆ ತಿಳಿಯುತ್ತದೆ? ಯಾರಿಗೂ ತಿಳಿಯುವುದಿಲ್ಲ. ಪ್ರತಿಯೊಬ್ಬರಿಗೂ ಗೊತ್ತಿರುವುದು ತನ್ನ ಬೆರಳು ಮಾತ್ರ. ಒಂದು ಸುಳ್ಳು ಹೇಳಿದರೆ ಸಾಬರ ಮನೆಯ ಒಲೆ ಉರಿಯುತ್ತದೆ. ನಿಜ ಹೇಳಿದರೆ ಶುಕ್ರವಾರ ಅವರ ಹೆಂಡತಿ ಮಕ್ಕಳು ಗಾಡಿ ಹತ್ತುತ್ತಾರೆ. ಆದರೆ ತನ್ನ ಈ ಕೈ ಒಂದು ಸಲ ಸುಳ್ಳು ಹೇಳಿದರೆ ಮುಂದೆ ಅದು ಯಾರ ಕೈ? ಜನ ನಂಬಿ ಬೆರಳು ಕೊಟ್ಟಿದ್ದಾರೆ. ಹೋಗಲಿ ಅಂದವರೂ ನಂಬಿಯೇ ಕೊಟ್ಟಿದ್ದಾರೆ.

"ಏನಯ್ಯಾ, ಲೆಕ್ಕ ಮರೆತೋಯ್ತಾ?"

"ಮರೆತಿಲ್ಲ," ಎಂದ ಮುನಿಶಾಮಪ್ಪ. "ಆದ್ರೆ ಇದು ಸರಿಯಾದ ಕೈ ಅಲ್ಲ."

"ಅಂದ್ರೆ?"

"ಸರಕು ಯಾರದೋ ಅವರ ಕೈ ಟವಲಿನ ಕೆಳಗೆ ಇರ್ಬೇಕು. ರೈತ ಊರಲ್ಲಿ ಇಲ್ದೇ ಇದ್ದಾಗ ಅವನ ಗೂಡಿನ ಬೆಲೆ ನಾವು ನಾವೇ ಮಾತಾಡ್ಕೊಂಡ್ರೆ ಅದು ವ್ಯಾಪಾರ ಆಗಲ್ಲ. ಬೀದೀಲಿ ಯಾರೂ ಒಪ್ಪಲ್ಲ. ಇದು ಸಾಬರ ಬದುಕು. ನೀವೆಲ್ಲ ನನ್ನ ಕೈಗೆ ಹೇಳಿದ್ರಿ. ಹೇಳೋದಿದ್ರೆ ಅವರ ಕೈಗೆ ಹೇಳ್ಬೇಕು."

ಇದು ನ್ಯಾಯವೋ, ತಾನು ತಪ್ಪಿಸಿಕೊಳ್ಳಲು ಹಿಡಿದ ದಾರಿಯೋ ಅವನಿಗೇ ತಿಳಿಯಲಿಲ್ಲ. ಸಭೆ ಗುಜುಗುಜು ಎಂದಿತು.

"ಲೆಕ್ಕ ಹೇಳು ಅಂದ್ರೆ ಪುರಾಣ ಹೇಳ್ತೀಯಾ?" ಬಯ್ಯಪ್ಪನ ಕುತ್ತಿಗೆ ಕೆಂಪಾಯಿತು. "ಅವರ ಕೈಗೆ ಹೇಳಿದ್ರೆ ಎಣಿಕೆ ಹೇಳೋರು ಯಾರು? ಅವರೇನಾ? ಅವರ ಮಾತನ್ನ ನಂಬಬೇಕಾ ನಾವು?"

"ಇಷ್ಟು ವರ್ಷ ಅವರ ಬೆರಳು ನಂಬಿ ಗೂಡು ಸುರಿದಿದೀವಲ್ಲಪ್ಪ," ಎಂದರು ಆವಲಪ್ಪ.

"ಏಮಯ್ಯಾ ಬಯ್ಯಪ್ಪಾ, ಹೋಗು ಅನ್ನೋಕೆ ಬಾಯೈತೆ, ಕೈ ಮುಟ್ಟೋಕೆ ಭಯಾನಾ?" ಎಂದಳು ಕದಿರಮ್ಮ. "ಸಾಬರ ಕೈ ಏನು ಕಚ್ತದಾ?"

ಬಯ್ಯಪ್ಪ ಎದ್ದ. ಮುನಿಶಾಮಪ್ಪನ ಕೈಯಿಂದ ಟವಲನ್ನು ಕಿತ್ತುಕೊಂಡು ತಕ್ಕಡಿಯ ಕಂಬದ ಹತ್ತಿರ ಹೋದ. ಮೀರ್ ಸಾಬರು ಕಟ್ಟಿದ್ದ ಕೈಯನ್ನು ನಿಧಾನವಾಗಿ ಬಿಚ್ಚಿ ಮುಂದೆ ಚಾಚಿದರು. ಬಯ್ಯಪ್ಪ ಟವಲು ಹಾಸಿ, ಅವರ ಕಣ್ಣನ್ನೇ ನೋಡುತ್ತಾ ಅದುಮಿ, "ಹೂಂ," ಎಂದು ಸರಿದು ನಿಂತ.

ಉಳಿದವರು ಸಾಲಾಗಿ ಹೋದರು. ನಾಲ್ಕೈದು ಜನ ಸಾಲಿನಿಂದ ಮೆಲ್ಲನೆ ಜಾರಿ ಸೈಕಲ್ಲು ಹತ್ತಿದರು. ವೆಂಕಟರಾಮಪ್ಪ ಮೇಷ್ಟ್ರು ಗಡಿಯಾರ ನೋಡಿಕೊಂಡು, "ಸ್ಕೂಲಲ್ಲಿ ಸ್ವಲ್ಪ ಕೆಲಸ," ಎಂದು ಯಾರಿಗೋ ಹೇಳಿ ಹೊರಟುಬಿಟ್ಟರು. ಮುನಿಶಾಮಪ್ಪ ಟವಲನ್ನೇ ನೋಡುತ್ತಿದ್ದ. ಅಷ್ಟು ವರ್ಷದ ಅಭ್ಯಾಸದಲ್ಲಿ ಮಣಿಕಟ್ಟಿನ ಅಲುಗಾಟದಿಂದಲೇ ಅವನಿಗೆ ಕೆಲವು ಸಲ ಬೆರಳಿನ ಅಂದಾಜು ಸಿಗುತ್ತಿತ್ತು. ಈಗ ಒಂದು ಬೆರಳಿನವರೇ ಹೆಚ್ಚು ಎಂದು ಅವನಿಗೆ ತೋರಿತು. ಖಚಿತವಾಗಿ ಹೇಳಲಾರ. ಅವನ ಆಸೆಯೇ ಹಾಗೆ ಕಾಣಿಸಿರಲೂಬಹುದು.

ಕೊನೆಯವನು ಸರಿದ ಮೇಲೆ ಮೀರ್ ಸಾಬರು ಟವಲನ್ನು ಮಡಿಸಿ ತಕ್ಕಡಿಯ ತಟ್ಟೆಯಲ್ಲಿಟ್ಟರು.

"ಹೋಗು ಅಂದೋರೇ ಜಾಸ್ತಿ," ಎಂದರು. "ಶುಕ್ರವಾರ ಹೊರಡ್ತೀನಿ."

ಬಯ್ಯಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಅವನು ಜಗಳಕ್ಕೆ ಸಿದ್ಧನಾಗಿದ್ದ. ಸಭೆ ತಲೆ ತಗ್ಗಿಸಿತು. ಒಂದು ಬೆರಳು ಅದುಮಿದವನಿಗೂ ತನ್ನ ಪಕ್ಕದವನು ಎರಡು ಅದುಮಿರಬೇಕು ಅನಿಸಿತೇನೋ.

"ಸಾಬರೇ, ಸರಿಯಾಗಿ ಎಣಿಸಿದ್ರಾ?" ಮುನಿಶಾಮಪ್ಪನ ಬಾಯಿಂದ ಹೊರಬಂದೇ ಬಿಟ್ಟಿತು.

ಮೀರ್ ಸಾಬರು ಅವನ ಕಡೆ ತಿರುಗಿದರು. "ನಾನು ಬೆರಳು ಎಣಿಸ್ಲಿಲ್ಲ ಮುನಿಶಾಮಪ್ಪ. ಕಣ್ಣು ಎಣಿಸ್ದೆ. ಬಯ್ಯಪ್ಪ ನನ್ನ ಮುಖ ನೋಡಿ ಹೋಗು ಅಂದ. ಇರು ಅಂದೋರು ಒಬ್ಬರಾದ್ರೂ ನನ್ನ ಮುಖ ನೋಡಿದ್ರಾ, ಆವಲಪ್ಪನೋರನ್ನ ಬಿಟ್ರೆ? ನೆಲ ನೋಡ್ಕೊಂಡು ಅದುಮಿದ್ರು. ಆ ಬೆರಳಿಂದ ನಂಗೇನು? ನಾಳೆ ಕತ್ತಲಾದ ಮೇಲೆ ನನ್ನ ಮನೆ ಮುಂದೆ ಹತ್ತು ಜನ ದೊಣ್ಣೆ ಹಿಡ್ಕೊಂಡು ಬಂದ್ರೆ ಆ ಬೆರಳು ಬರ್ತದಾ? ಒಳಗೆ ಹೆಣ್ಣುಮಕ್ಕಳಿದಾರೆ. ಮುಚ್ಚಿಟ್ಟ ಬೆರಳು ನಂಬ್ಕೊಂಡು ನಾನಿರಲ್ಲ."

ಆವಲಪ್ಪ ಎದ್ದು ನಿಂತರು. "ನಾನು ಬಾಯಲ್ಲೇ ಹೇಳ್ತೀನಿ. ನೀವು ಇರ್ಬೇಕು."

"ಮಾವ!" ಎಂದ ಬಯ್ಯಪ್ಪ. "ನಿಮ್ಮ ಮಗ ಅಲ್ಲಿ ಗುಂಡಿಗೆ ಎದೆ ಕೊಟ್ಟವ್ನೆ. ನೀವು ಈ ಮಾತಾಡ್ತೀರಾ?"

"ಅದಕ್ಕೇ ಆಡ್ತೀನಿ ಕಣಯ್ಯಾ. ಅಲ್ಲಿ ಬೆಟ್ಟದ ಮೇಲೆ ನುಸುಳಿದೋರನ್ನ ಮೊದಲು ಹಿಡಿದುಕೊಟ್ಟೋರು ಅಲ್ಲಿಯ ಹಳ್ಳಿ ಸಾಬರೇ ಅಂತ ಪೇಪರಲ್ಲಿ ಬಂತು. ನೀನೂ ಓದಿದೀಯ. ನನ್ನ ಮಗ ಯಾವ ಹಳ್ಳೀಲಿದಾನೋ ನಂಗೊತ್ತಿಲ್ಲ. ಬಾಯಾರಿದ್ರೆ ಅಲ್ಲಿಯೋರೇ ನೀರು ಕೊಡ್ಬೇಕು. ನೀನು ಹೇಳ್ದಂಗೆ ನುಸುಳಿದೋನ ಜೊತೆಗೆ ಊರನ್ನೂ ಸುಟ್ರೆ, ಅವನಿಗೆ ನೀರು ಕೊಡೋರು ಯಾರು? ಹೊಡೀಬೇಕಾದೋನನ್ನ ಹೊಡೀರಿ. ಬೇಡ ಅಂತೀನಾ? ಹೊಡೀಲಿ ಅಂತಲೇ ಮಗನ್ನ ಕಳಿಸಿದೀನಿ. ಆದ್ರೆ ಇವರು ಯಾರು? ನನ್ನ ಗೂಡು ತಗೊಳ್ಳೋರು."

"ಬಾಂಬ್ ಇಟ್ಟ ಮೇಲೆ ಗೊತ್ತಾಗ್ತದೆ, ಗೂಡು ತಗೊಳ್ಳೋರು ಯಾರು ಅಂತ," ಎಂದ ಬಯ್ಯಪ್ಪ. ಆದರೆ ಧ್ವನಿ ಮೊದಲಿನಷ್ಟು ಎತ್ತರದಲ್ಲಿರಲಿಲ್ಲ. "ಆಮೇಲೆ ಅತ್ರೆ ಏನುಪಯೋಗ ಮಾವ? ನಾನು ನನಗೋಸ್ಕರಾನಾ ಮಾಡ್ತಿರೋದು? ಊರಿಗೋಸ್ಕರ ತಾನೇ?"

ಅದೂ ನಿಜ ಇರಬಹುದು ಎಂದು ಮುನಿಶಾಮಪ್ಪನಿಗೆ ಅನಿಸಿತು. ಯಾವಾಗಲೂ ಅನಿಸುವ ಹಾಗೆ. ಆ ಬೆವರಿದ ಅಂಗೈ ಅವನಿಗೆ ಗೊತ್ತಿತ್ತು. ಬಯ್ಯಪ್ಪ ಹೆದರಿದ್ದ, ನಿಜವಾಗಿ ಹೆದರಿದ್ದ. ಹೆದರಿದವನ ಮಾತೆಲ್ಲ ಸುಳ್ಳಾಗಬೇಕಿಲ್ಲ. ಆದರೆ ತಕ್ಕಡಿಯ ಹತ್ತಿರ ನಿಂತ ಮನುಷ್ಯ ಕಾಯುತ್ತಿದ್ದ, ಎರಡೂ ಕಡೆ ಯೋಚಿಸಿ ಮುಗಿಸುವಷ್ಟರಲ್ಲಿ ಶುಕ್ರವಾರ ಬಂದುಬಿಡುತ್ತಿತ್ತು.

"ನಾನೂ," ಎಂದ. ಧ್ವನಿ ಸರಿಯಾಗಿ ಹೊರಡಲಿಲ್ಲ. ಮತ್ತೆ ಹೇಳಿದ. "ನಾನೂ ಹೇಳ್ತೀನಿ. ಸಾಬರು ಇರ್ಲಿ."

"ಓಡ್ಸೋದಾದ್ರೆ ನನ್ನ ಗೂಡು ತಗೊಂಡ ಮೇಲೆ ಓಡ್ಸಿ," ಎಂದಳು ಕದಿರಮ್ಮ. "ನಾಡಿದ್ದಾದ್ರೆ ಚಿಟ್ಟೆ ಕೊರ್ಕೊಂಡು ಆಚೆ ಬರ್ತವೆ. ನಂಗೇನು ಬಯ್ಯಪ್ಪ ಕಾಸು ಕೊಡ್ತಾನಾ? ಇರ್ಲಿ ಬಿಡ್ರಪ್ಪ ಸಾಬಣ್ಣ. ಸಿಡುಕ, ಆದ್ರೆ ತೂಕದಲ್ಲಿ ಮೋಸ ಇಲ್ಲ."

ಇನ್ನೊಬ್ಬರು ಬಾಯಿಬಿಡಬಹುದೆಂದು ಆವಲಪ್ಪ ಸುತ್ತ ನೋಡಿದರು. ಜನ ಪಂಚೆ ಕೊಡವಿಕೊಂಡು ಏಳತೊಡಗಿದರು. ಮೀರ್ ಸಾಬರು ಮೂವರ ಮುಖವನ್ನೂ ಒಂದೊಂದಾಗಿ ನೋಡಿ, ಇರುತ್ತೇನೆ ಎನ್ನದೆ, ಹೋಗುತ್ತೇನೆ ಎಂದೂ ಅನ್ನದೆ, ತಮ್ಮ ಶೆಡ್ಡಿನ ಕಡೆ ನಡೆದರು.

ಬಯ್ಯಪ್ಪ ಮುನಿಶಾಮಪ್ಪನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ನಿನ್ನ ಕೈ ಇನ್ನು ಮೇಲೆ ಯಾರು ಹಿಡೀತಾರೋ ನೋಡ್ತೀನಿ," ಎಂದು ಹೋದ.

*

ಮನೆಯ ದಾರಿಯಲ್ಲಿ, ಶಾಲೆಯ ಗೋಡೆಯ ಪಕ್ಕದಲ್ಲಿ ವೆಂಕಟರಾಮಪ್ಪ ಮೇಷ್ಟ್ರು ಕಾಯುತ್ತಿದ್ದರು.

"ಮುನಿಶಾಮಪ್ಪ, ಅದು... ನೀನು ಯಾರ ಹತ್ರನೂ ಹೇಳಲ್ಲ ತಾನೇ?"

"ಇಲ್ಲ ಮೇಷ್ಟ್ರೇ."

"ನಾನು ಮಾತಾಡಿದ್ದು ಸುಳ್ಳಲ್ಲಪ್ಪ. ನಂಬಿದ್ದನ್ನೇ ಹೇಳಿದ್ದು. ಆದ್ರೆ ನಮ್ಮನೆ ಸಾಬರ ಶೆಡ್ಡಿನ ಹಿಂದೇನೇ ಇರೋದು. ಬೆಳೆದ ಹೆಣ್ಣುಮಕ್ಕಳು. ಆ ಟ್ರಂಕಲ್ಲಿ ಏನಿತ್ತೋ ಯಾರು ಕಂಡೋರು? ಪೊಲೀಸರಿಗೂ ಒಂದೊಂದು ಸಲ ತಪ್ಪಾಗ್ತದೆ. ಸಿದ್ಧಾಂತ ಬೇರೆ, ಗೋಡೆ ಆಚೆ ಮಲಗೋದು ಬೇರೆ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೀನಾಗಿದ್ರೆ ಏನ್ ಮಾಡ್ತಿದ್ದೆ?"

ತಾನಿರುವುದು ಮೂರು ಬೀದಿಯಾಚೆ ಎಂಬುದು ಮುನಿಶಾಮಪ್ಪನಿಗೆ ನೆನಪಾಯಿತು. "ಬರ್ತೀನಿ ಮೇಷ್ಟ್ರೇ," ಎಂದು ನಡೆದ.

ವಿಷಯ ಆಗಲೇ ಅಶ್ವತ್ಥಮ್ಮನಿಗೆ ಮುಟ್ಟಿತ್ತು. ಬಾಗಿಲಲ್ಲೇ ನಿಂತಿದ್ದಳು.

"ಹದಿನೈದು ವರ್ಷದ ಸಂಸಾರದಲ್ಲಿ, ಸಾರಿಗೆ ಉಪ್ಪು ಸಾಲ್ದು ಅಂತಾನೂ ಹೇಳಿದೋರಲ್ಲ ನೀವು. ಬಾಯಿ ಬಿಡೋಕೆ ಇವತ್ತೇ ಆಗ್ಬೇಕಿತ್ತಾ? ಅದೂ ಬಯ್ಯಪ್ಪನ ಎದುರಿಗೆ?"

"ತಪ್ಪಾಯ್ತಾ?"

"ನಂಗೇನು ಗೊತ್ತು? ನೀವು ಓದಿದೋರು." ಅವಳು ನೀರಿನ ಚೊಂಬು ಮುಂದಿಟ್ಟಳು. ಅವನು ಅದನ್ನು ಮುಟ್ಟದೆ ಜಗಲಿಯ ತುದಿಯಲ್ಲಿ ಕುಳಿತ. ಆ ಬೆರಳು ಬರ್ತದಾ ಎಂದು ಸಾಬರು ಕೇಳಿದ್ದು ತಲೆಯಿಂದ ಹೋಗುತ್ತಿರಲಿಲ್ಲ. ಬಾಯಲ್ಲಿ ಹೇಳಿದ್ದಾಯಿತು. ಹೇಳುವುದೇ ಸಾಕೆಂದು ಸಾಬರು ಎಲ್ಲಿ ಅಂದಿದ್ದರು? ಬಿಸಿಲು ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ದೀಪ ಆರಿಸುವ ಹೊತ್ತು ಬರುತ್ತದೆ.

ಅವನು ಎದ್ದು ಚಪ್ಪಲಿ ಮೆಟ್ಟಿದ.

"ಎಲ್ಲಿಗೆ?"

"ಸಾಬರ ಮನೆ ಹತ್ರ. ಸುಮ್ನೆ ಕೂತಿದ್ದು ಬರ್ತೀನಿ."

ಅಶ್ವತ್ಥಮ್ಮ ಬೈಯುತ್ತಾಳೆಂದು ಅವನು ಕಾದ. ಅವಳು ಒಳಗೆ ಹೋಗಿ ಅವನ ಕಂಬಳಿ ತಂದು ಕೈಗಿಟ್ಟಳು. "ಬೇಗ ಬನ್ನಿ. ಯಾರಾದ್ರೂ ಏನಾದ್ರೂ ಅಂದ್ರೆ ಮಾತು ಬೆಳಸ್ಬೇಡಿ. ಬೆಳಸೋಕೆ ನಿಮಗೆ ಬರೋದೂ ಇಲ್ಲ."

ಮೀರ್ ಸಾಬರ ಮನೆಯ ಜಗಲಿಯ ಮೇಲೆ ಆವಲಪ್ಪ ಆಗಲೇ ಕುಳಿತಿದ್ದರು. ಊರಿಗೆ ಹೋಗುವ ಗಾಡಿಯನ್ನು ಬಿಟ್ಟು ಉಳಿದಿದ್ದರು. "ಬಾರಪ್ಪ," ಎಂದು ಸರಿದು ಜಾಗ ಮಾಡಿದರು. ಬಾಗಿಲು ಮುಚ್ಚಿತ್ತು. ಒಳಗೆ ಯಾವುದೋ ಮಗು ಅಳುವುದೂ, ಹೆಂಗಸೊಬ್ಬಳು ಉರ್ದುವಿನಲ್ಲಿ ಸಮಾಧಾನ ಮಾಡುವುದೂ ಕೇಳುತ್ತಿತ್ತು. ಸಾಮಾನು ಎಳೆದ ಸದ್ದೂ ಬಂತು. ಗಂಟು ಕಟ್ಟುತ್ತಿದ್ದಾರೋ ಏನೋ.

ಬೀದಿಯ ದೀಪಗಳು ಒಂದೊಂದೇ ಆರಿದವು. ಮುಸ್ಸಂಜೆಯ ಬೂದು ಬೆಳಕಿನಲ್ಲಿ ಬೀದಿಯ ತುದಿಯಿಂದ ಗುಂಪಾಗಿ ಕಾಲ ಸಪ್ಪಳ ಕೇಳಿತು. ಏಳೆಂಟು ಜನ ಇರಬೇಕು. ಕೋಲು ಕಲ್ಲಿಗೆ ತಗುಲಿದ ಸದ್ದೂ ಇತ್ತು. ಒಳಗೆ ಮಗುವಿನ ಅಳು ಥಟ್ಟನೆ ನಿಂತಿತು, ಯಾರೋ ಬಾಯಿ ಮುಚ್ಚಿದಂತೆ.

ಮುನಿಶಾಮಪ್ಪನಿಗೆ, ಪಕ್ಕದ ಸಂದಿಯಿಂದ ಹೋದರೆ ಮನೆ ಎಷ್ಟು ಹತ್ತಿರ ಎಂಬ ಲೆಕ್ಕ ತಾನಾಗಿಯೇ ಬಂತು. ಅವನು ಎದ್ದ. ಎದ್ದದ್ದು ಓಡುವುದಕ್ಕೋ ನಿಲ್ಲುವುದಕ್ಕೋ ಅವನಿಗೆ ಗೊತ್ತಿರಲಿಲ್ಲ. ಕಾಲು ಮುಂದೆ ಹೋಗಲಿಲ್ಲ, ಹಿಂದೆಯೂ ಹೋಗಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟ.

"ಯಾರಪ್ಪ ಅದು?" ಎಂದು ಆವಲಪ್ಪ ಕೇಳಿದರು.

ಗುಂಪು ನಿಂತಿತು. "ಸಮಿತಿ ಗಸ್ತು," ಎಂದಿತು ಬಯ್ಯಪ್ಪನ ಧ್ವನಿ. "ದೀಪ ನೋಡ್ಕೊಂಡು ಹೋಗ್ತಾ ಇದೀವಿ. ಮಾವ, ನೀವಿನ್ನೂ ಊರಿಗೆ ಹೋಗ್ಲಿಲ್ವಾ?"

"ಇಲ್ಲ ಕಣಪ್ಪ. ಇಲ್ಲೇ ಇದೀನಿ."

"ಜೊತೇಲಿ ಯಾರು?"

ಆವಲಪ್ಪ ಮುನಿಶಾಮಪ್ಪನ ಕಡೆ ತಿರುಗಿದರು. ಕೇಳಿದ್ದು ತನ್ನನ್ನೇ ಎಂದು ಮುನಿಶಾಮಪ್ಪನಿಗೆ ತಿಳಿಯಿತು. "ನಾನು ಬಯ್ಯಪ್ಪಣ್ಣ. ಮುನಿಶಾಮಪ್ಪ. ಮನೇಲಿ ದೀಪ ಇಲ್ಲ, ಆರಿಸಿದಾರೆ. ನಾನೇ ನೋಡ್ದೆ."

ಗುಂಪಿನಲ್ಲಿ ಒಬ್ಬ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಮಧ್ಯಾಹ್ನ ಒಂದೇ ಬೆರಳು ಅದುಮಿದ್ದ ಮುಖವೊಂದು ಅದರಲ್ಲಿ ಇತ್ತು. ಅದು ಮುನಿಶಾಮಪ್ಪನನ್ನು ನೋಡಿ ಬೇರೆ ಕಡೆ ತಿರುಗಿತು. ಬಯ್ಯಪ್ಪ ಮುಚ್ಚಿದ ಬಾಗಿಲನ್ನೂ ಆವಲಪ್ಪನನ್ನೂ ನೋಡಿದ. ಏನೋ ಹೇಳುವವನಿದ್ದ. ಕೊನೆಗೆ, "ವೆಂಕಟೇಶನ ಸುದ್ದಿ ಏನಾದ್ರೂ ಬಂತಾ ಮಾವ?" ಎಂದ.

"ಇನ್ನೂ ಇಲ್ಲಪ್ಪ."

"ಬರ್ತದೆ ಬಿಡಿ," ಎಂದ ಬಯ್ಯಪ್ಪ. "ನಡೀರೋ."

ಸಪ್ಪಳ ತಿರುವಿನಲ್ಲಿ ಮರೆಯಾಗುವವರೆಗೂ ಮುನಿಶಾಮಪ್ಪ ನಿಂತೇ ಇದ್ದ. ಆಮೇಲೆ ಜಗಲಿಯ ಮೇಲೆ ಕುಳಿತ. ಅವರು ನಾಳೆ ಬರುವುದಿಲ್ಲವೆಂದು ಯಾರು ಹೇಳಿದರು? ಶುಕ್ರವಾರ? ಇವತ್ತು ಹೋದದ್ದು ಆವಲಪ್ಪನ ಮೇಲಿನ ಮರ್ಯಾದೆಗೆ. ಆವಲಪ್ಪ ದಿನಾ ಇಲ್ಲಿ ಮಲಗಲಾರರು.

ಒಳಗೆ ಮಗು ಮತ್ತೆ ಅಳತೊಡಗಿತು. ಬಾಗಿಲು ಸ್ವಲ್ಪವೇ ತೆರೆಯಿತು. ಮೀರ್ ಸಾಬರು ಎರಡು ಲೋಟ ಚಹಾ ಹೊಸ್ತಿಲ ಆಚೆ ಇಟ್ಟು, ಅಲ್ಲೇ ನಿಂತರು.

ಮುನಿಶಾಮಪ್ಪ ಲೋಟ ತೆಗೆದುಕೊಂಡ.

"ಸಾಬರೇ," ಎಂದ, "ನಾಳೆ ಎಷ್ಟೊತ್ತಿಗೆ ಬರ್ಲಿ?"